ಮೊದಲ ಹೆಜ್ಜೆ ತಪ್ಪಿಹೋದೀತು ಅಂತ ಊರಿಗೆ ಹೋಗದೆ ಇರಬೇಡಿ

ಆರು ವರ್ಷದ ಮಗ, ಹತ್ತು ತಿಂಗಳ ಮಗಳು. ಗಂಡನಿಗೆ ಸಿಗುವುದು ಐದೇ ದಿನ ರಜೆ. ಸಾಗರದ ಹತ್ತಿರದ ಅತ್ತೆಮನೆಗೆ ಹೋಗಿ ಒಂದು ತಿಂಗಳು ಇರಲೋ, ಮಗನನ್ನು ಬೆಂಗಳೂರಲ್ಲೇ ಬೇಸಿಗೆ ಶಿಬಿರಕ್ಕೆ ಸೇರಿಸಿ, ಕೊನೆಗೆ ನಾಲ್ಕು ದಿನ ಎಲ್ಲರೂ ಸೇರಿ ರೆಸಾರ್ಟಿಗೆ ಹೋಗಿಬರಲೋ ಅಂತ ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: "ಮಗಳು ಇನ್ನೇನು ನಡೆಯೋ ಹೊತ್ತು. ಅವಳಪ್ಪ ಇಲ್ಲದಾಗ ಮೊದಲ ಹೆಜ್ಜೆ ಹಾಕಿಬಿಟ್ಟರೆ?" ನಿಮ್ಮ ನಿಜವಾದ ಪ್ರಶ್ನೆ ಅದೇ ಅನ್ನಿಸಿತು. ಹಾಗಾಗಿ ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ.

ಹೋಗಿ. ಪೂರ್ತಿ ತಿಂಗಳು ಹೋಗಿ. ಹೆಜ್ಜೆ ತಪ್ಪಿದರೂ ತಪ್ಪಲಿ.

2023ರ ಬೇಸಿಗೆಯಲ್ಲಿ ನಾನು ನಿಮ್ಮ ಜಾಗದಲ್ಲೇ ಇದ್ದೆ. ಮಗನಿಗೆ ಆರು ತುಂಬಿ ಒಂದು ತಿಂಗಳು, ಮಗಳಿಗೆ ಹತ್ತು ತಿಂಗಳು. ನಾನು ಹುಟ್ಟಿ ಬೆಳೆದದ್ದು ತುಮಕೂರು ಕಡೆ, ಗಂಡನ ಊರು ಸಿದ್ದಾಪುರ ತಾಲೂಕಿನ ಅಡಿಕೆ ತೋಟದ ಹಳ್ಳಿ. ಮದುವೆಯಾಗಿ ಎಂಟು ವರ್ಷವಾಗಿದ್ದರೂ ಆ ಮನೆಯಲ್ಲಿ ಒಂದು ವಾರದ ಮೇಲೆ ಉಳಿದವಳಲ್ಲ. ಏಪ್ರಿಲ್ 14ರ ರಾತ್ರಿ ತಾಳಗುಪ್ಪದ ರೈಲು ಹತ್ತಿದೆವು. ಐದು ದಿನ ಇದ್ದು ಗಂಡ ವಾಪಸು ಹೋದರು. ಬಸ್ಸಿಗೆ ಹೊರಡುವಾಗ ಅವರು ಹೇಳಿದ್ದು ಒಂದೇ ಮಾತು: "ನಡೆಯೋಕೆ ಶುರು ಮಾಡಿದ್ರೆ ವಿಡಿಯೋ ಮಾಡು." ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹದಿನೈದು ದಿನ ಫೋನ್ ಕೈಬಿಡದೆ ಮಗುವಿನ ಹಿಂದೆ ಓಡಾಡಿದೆ. ಅವಳು ಜಗಲಿಯ ಕಂಬ ಹಿಡಿದು ನಿಂತರೆ ಸಾಕು, ಕ್ಯಾಮೆರಾ ತೆರೆಯುತ್ತಿದ್ದೆ. ಅವಳು ನನ್ನನ್ನು ನೋಡುವ ಬದಲು ಫೋನನ್ನು ನೋಡಿ, ಅದನ್ನು ಹಿಡಿಯಲು ಕೂತು ಅಂಬೆಗಾಲಿಟ್ಟುಕೊಂಡು ಬರುತ್ತಿದ್ದಳು.

ಮೇ 8, ಸೋಮವಾರ. ನಾನು ಬಚ್ಚಲಲ್ಲಿದ್ದೆ, ತಲೆಗೆ ನೀರು ಹಾಕಿಕೊಂಡಿದ್ದೆ. ಹೊರಗೆ ಮಗ ಹಾಳೆ ಎಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ನಿಮ್ಮ ಅತ್ತೆಮನೆಯಲ್ಲೂ ಈ ಆಟ ಇದ್ದೇ ಇರುತ್ತದೆ: ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬರು ಕೂರಬೇಕು, ಇನ್ನೊಬ್ಬರು ಸೋಗೆಯ ತುದಿ ಹಿಡಿದು ಅಂಗಳ ಪೂರ್ತಿ ಎಳೆಯಬೇಕು. ಅವನು ಖಾಲಿ ಹಾಳೆಯನ್ನು ಜಗಲಿಯ ಉದ್ದಕ್ಕೂ ಸರಸರ ಎಳೆದುಕೊಂಡು ತಂಗಿಯ ಮುಂದೆ ತಂದು ನಿಲ್ಲಿಸಿದ್ದಾನೆ. ಕಂಬ ಹಿಡಿದು ನಿಂತಿದ್ದವಳು ಕೈಬಿಟ್ಟು ಹಾಳೆಯ ಕಡೆ ಮೂರು ಹೆಜ್ಜೆ ಹಾಕಿ, ಅದರ ಮೇಲೇ ಧೊಪ್ಪನೆ ಕೂತಿದ್ದಾಳೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ದಾರೆ. "ಕೂಸು ಮೂರ್ ಹೆಜ್ಜೆ ಹಾಕ್ಚು!" ಅಂತ ಕೂಗಿದ್ದು ಬಚ್ಚಲಿಗೂ ಕೇಳಿಸಿತು. ಒದ್ದೆ ಕೂದಲಲ್ಲೇ ಓಡಿಬಂದೆ. ಮಗಳು ಹಾಳೆಯ ಮೇಲೆ ಕೂತು, ಸೋಗೆಯ ಎಲೆಯೊಂದನ್ನು ಬಾಯಿಗೆ ಹಾಕುವುದರಲ್ಲಿದ್ದಳು. ಎಷ್ಟು ಕರೆದರೂ ಆ ದಿನ ಮತ್ತೆ ಹೆಜ್ಜೆ ಇಡಲಿಲ್ಲ.

ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ, ಆ ಮಧ್ಯಾಹ್ನ ನಾನು ಅತ್ತುಬಿಟ್ಟೆ. ಗಂಡನಿಗೆ ಫೋನ್ ಮಾಡಿ ಹೇಳುವಾಗ ಅವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮನೆಯಲ್ಲೇ ಇದ್ದ ನನಗೇ ತಪ್ಪಿತಲ್ಲ, ಹತ್ತು ಹೆಜ್ಜೆ ದೂರದಲ್ಲಿದ್ದೂ ನೋಡಲಾಗಲಿಲ್ಲವಲ್ಲ ಅನ್ನುವ ಸಂಕಟ. ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿದಾಗ ಮೊದಲು ನೆನಪಾದದ್ದು ಆ ಮಧ್ಯಾಹ್ನವೇ.

ಈಗ ಅದೇ ಕಥೆಯ ಇನ್ನರ್ಧ. ಮೇ 10ರಂದು ವಿಧಾನಸಭೆ ಚುನಾವಣೆ. ಗಂಡನ ಹೆಸರು ಊರಿನ ಮತದಾರರ ಪಟ್ಟಿಯಲ್ಲೇ ಇತ್ತು. ಹಿಂದಿನ ರಾತ್ರಿ ಬಸ್ಸು ಹಿಡಿದು ಬಂದು, ಬೆಳಿಗ್ಗೆ ಶಾಲೆಯಲ್ಲಿ ವೋಟು ಹಾಕಿ ಮನೆಗೆ ಬಂದು, ಜಗಲಿಯ ತುದಿಯಲ್ಲಿ ಕೂತು ನೀರು ಕುಡಿಯುತ್ತಿದ್ದರು. ಮಗಳು ಕಂಬ ಬಿಟ್ಟಳು. ಒಂದು, ಎರಡು, ನಿಂತಳು, ಎರಡೂ ಕೈ ಅಗಲಿಸಿ ಹೊಯ್ದಾಡಿದಳು, ಮತ್ತೆ ಎರಡು. ಐದನೆಯದಕ್ಕೆ ಮುಗ್ಗರಿಸುವಾಗ ಅವರು ಎಡಗೈ ಚಾಚಿದರು. ಅವಳು ಹಿಡಿದದ್ದು ತೋರುಬೆರಳನ್ನು, ಶಾಯಿ ಹಚ್ಚಿದ ಬೆರಳನ್ನು. ಹಿಡಿದವಳು ಬಿಡಲಿಲ್ಲ, ಉಗುರಿನ ಮೇಲಿನ ಆ ಕಪ್ಪು ಗೆರೆಯನ್ನು ಇನ್ನೊಂದು ಕೈಯಿಂದ ಕೆರೆದು ಕೆರೆದು ನೋಡಿದಳು. ಯಾರೂ ಫೋನ್ ತೆಗೆಯಲಿಲ್ಲ. ತೆಗೆಯಬೇಕು ಅಂತ ನನಗೆ ಹೊಳೆಯಲೂ ಇಲ್ಲ.

ಅವರ ಪಾಲಿಗೆ ಅವಳ ಮೊದಲ ಹೆಜ್ಜೆ ಅದೇ. ಈಗಲೂ ಹಾಗೇ ಹೇಳುತ್ತಾರೆ. ನನಗೆ ಮೊದಲನೆಯದು ಒಂಬತ್ತನೇ ತಾರೀಕು ಸಂಜೆ ಅಡುಗೆಮನೆಯ ಹೊಸಿಲ ಹತ್ತಿರ ಹಾಕಿದ್ದು. ಅತ್ತೆಗೆ ಮತ್ತು ಮಗನಿಗೆ ಎಂಟರದ್ದು. ಮಾವ ತೋಟಕ್ಕೆ ನೀರು ಬಿಡಲು ಹೋಗಿದ್ದವರು ಮೂರು ದಿನ ಕಳೆದ ಮೇಲೆ ನೋಡಿದರು. ಅವರಿಗೆ ಅದೇ ಮೊದಲು. ಮೂರು ಹೆಜ್ಜೆಯಿಂದ ಅಂಗಳ ದಾಟುವಷ್ಟು ನಡಿಗೆಗೆ ಬರಲು ಅವಳಿಗೆ ಹನ್ನೆರಡು ದಿನ ಬೇಕಾಯಿತು. ಆ ಹನ್ನೆರಡು ದಿನವೂ ನನ್ನ ಕಣ್ಣ ಮುಂದೆಯೇ ಇತ್ತು. ಮೊದಲ ಹೆಜ್ಜೆ ಒಂದು ಕ್ಷಣದಲ್ಲಿ ಬಂದು ಮುಗಿದುಹೋಗುವ ಸಂಗತಿ ಅಂತ ನಾವು ಅಂದುಕೊಂಡಿರುತ್ತೇವೆ, ಮಗುವಿಗೆ ಅದು ಹಾಗಿಲ್ಲ.

ಇನ್ನೊಂದು ವಿಷಯ, ಲೆಕ್ಕ ಹಾಕಿ ಕಾಯುವುದರಲ್ಲಿ ಅರ್ಥವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸರೆಯಿಲ್ಲದೆ ನಡೆಯಲು ಶುರುಮಾಡುವ ಸಹಜ ಅವಧಿ ಸುಮಾರು 8 ತಿಂಗಳಿನಿಂದ ಹದಿನೇಳೂವರೆ ತಿಂಗಳಿನವರೆಗೆ ಹರಡಿದೆ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲು ಇಡದೆಯೇ ನೇರ ಎದ್ದು ನಡೆದವರು. ನಿಮ್ಮ ಮಗಳಿಗೆ ಈಗ ಹತ್ತು ತಿಂಗಳು. ಅವಳು ಈ ರಜೆಯಲ್ಲೂ ನಡೆಯಬಹುದು, ಬರುವ ದಸರಾ ಹೊತ್ತಿಗೂ ನಡೆಯಬಹುದು, ಎರಡೂ ಸರಿಯೇ. ಒಂದೂವರೆ ವರ್ಷ ತುಂಬಿದರೂ ನಡೆಯದಿದ್ದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಅವಳ ಹೆಜ್ಜೆಯನ್ನು ನಿಮ್ಮೆಜಮಾನರ ರಜೆಯ ಅರ್ಜಿಗೆ ಹೊಂದಿಸಲು ಹೋಗಬೇಡಿ.

ಒಂದು ತಿಂಗಳು ಯಾಕೆ, ಒಂದು ವಾರ ಸಾಲದಾ ಅಂದರೆ, ಸಾಲದು. ಮೊದಲ ನಾಲ್ಕು ದಿನ ನಮಗೆ ಕಷ್ಟವೇ ಆಯಿತು. ಮಗಳು ಮಾವನ ಮೀಸೆ ಕಂಡರೆ ಕಿರುಚುತ್ತಿದ್ದಳು. ರಾತ್ರಿ ಎರಡು ಸಲ ಏಳುತ್ತಿದ್ದವಳು ಐದು ಸಲ ಎದ್ದಳು. ಮಗ "ಇಲ್ಲಿ ಏನಿದೆ ಆಡೋಕೆ" ಅಂತ ಅಡ್ಡಾಡಿದ. ಒಂದು ವಾರಕ್ಕೆ ಅಂತ ಹೋಗಿದ್ದರೆ ಈ ಗಲಾಟೆಯನ್ನೇ ನೆನಪಿಟ್ಟುಕೊಂಡು ವಾಪಸು ಬರುತ್ತಿದ್ದೆ. ಹಿಂದಿನ ವರ್ಷಗಳಲ್ಲಿ ಆಗಿದ್ದೂ ಅದೇ. ಆರನೇ ದಿನ ಮಗಳು ತಾನಾಗಿ ಮಾವನ ಪಂಚೆ ಹಿಡಿದು ಎದ್ದು ನಿಂತಳು. ಎರಡನೇ ವಾರಕ್ಕೆ ಮಗನ ನಾಲಿಗೆಯೇ ತಿರುಗಿತ್ತು. ಊಟ ಸಾಕಾ ಅಂದರೆ "ಅಡ್ಡಿಲ್ಲೆ" ಅನ್ನುತ್ತಿದ್ದ. ತಂಗಿ ನಡೆದ ದಿನ ಬಂದವರಿಗೆಲ್ಲ "ಆನು ಕಲ್ಸಿದ್ದು!" ಅಂತ ಹೇಳಿದ್ದೇ ಹೇಳಿದ್ದು. ಅಪ್ಪನ ಊರಿನ ಮಾತು ಅವನಿಗೆ ಬರುತ್ತದೆ ಅಂತ ಗೊತ್ತಾದದ್ದೇ ಆಗ. ಬೆಂಗಳೂರಿನ ಮನೆಯಲ್ಲಿ ನಾವಿಬ್ಬರೂ ಆ ಮಾತು ಆಡುವವರಲ್ಲ.

ಮಗನ ವಿಷಯವನ್ನು ಸ್ವಲ್ಪ ಹೆಚ್ಚು ಹೇಳಬೇಕು. ನಿಮ್ಮ ಪ್ರಶ್ನೆಯಲ್ಲಿ ದೊಡ್ಡವನಿಗೆ ಸಿಕ್ಕಿರುವುದು ಶಿಬಿರದ ಒಂದು ಸಾಲು ಮಾತ್ರ. ಚಿಕ್ಕದೊಂದು ಮನೆಗೆ ಬಂದ ಮೇಲೆ ನಾನೂ ಹಾಗೇ ಮಾಡುತ್ತಿದ್ದೆ. ಅವಳ ಹಲ್ಲು, ಅವಳ ಮಾತು, ಅವಳ ನಡಿಗೆ. ಇವನದ್ದೆಲ್ಲ ಮುಗಿದುಹೋಯಿತು ಅನ್ನುವ ಹಾಗೆ.

ಒಂದು ಸಂಜೆ ಹಾಲು ಒಡೆದುಹೋಗಿ ಮನೆಯಲ್ಲಿ ಹೆಪ್ಪಿಗೂ ಮಜ್ಜಿಗೆ ಉಳಿದಿರಲಿಲ್ಲ. ಅತ್ತೆ ಮಗನ ಕೈಗೆ ಪುಟ್ಟ ಬಟ್ಟಲು ಕೊಟ್ಟು "ಕೆಳಗಿನ ಮನೆಗೆ ಹೋಗಿ ಹೆಪ್ಪು ತಗೊಂಡು ಬಾ" ಅಂದರು. ಕೆಳಗಿನ ಮನೆ ಅಂದರೆ ತೋಟದ ಏರಿ ದಾಟಿ, ಸಂಕ (ಕಾಲುಸೇತುವೆ) ದಾಟಿ, ಇನ್ನೂರು ಮೀಟರ್. ಬೆಂಗಳೂರಲ್ಲಿ ಒಬ್ಬನೇ ಲಿಫ್ಟಿನಲ್ಲಿ ಇಳಿದವನಲ್ಲ. ನಾನು ಎದ್ದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದರು. ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹೊರಟ. ಏರಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದ. ಆಮೇಲೆ ಅಡಿಕೆ ಮರಗಳ ನಡುವೆ ಅವನ ಕೆಂಪು ಅಂಗಿ ಕಂಡಿತು, ಮರೆಯಾಯಿತು, ಕಂಡಿತು, ಮರೆಯಾಯಿತು. ಹದಿನೈದು ನಿಮಿಷ ನಾನು ಜಗಲಿ ಬಿಟ್ಟು ಕದಲಲಿಲ್ಲ. ಬರುವಾಗ ಬಟ್ಟಲಿಗೆ ಬಾಳೆ ಎಲೆಯ ಚೂರು ಮುಚ್ಚಿತ್ತು, ಅದರ ಮೇಲೆ ಅವನ ಹೆಬ್ಬೆರಳು ಒತ್ತಿ ಹಿಡಿದಿತ್ತು. ಒಂದು ಹನಿ ಚೆಲ್ಲಿರಲಿಲ್ಲ. "ಅವರ ಮನೆ ನಾಯಿ ಬೊಗಳ್ತು, ನಾನು ನಿಂತ್ಕೊಂಡೆ, ಅದು ಸುಮ್ನಾಯ್ತು" ಅಂದ. ಅಷ್ಟೇ ಅಂದಿದ್ದು. ಮಾರನೇ ಬೆಳಿಗ್ಗೆ ಗಟ್ಟಿ ಮೊಸರು ಆಗಿತ್ತು. ಬಡಿಸುವಾಗ ಅತ್ತೆ "ಇದು ಮಾಣಿ ತಂದ ಹೆಪ್ಪಿನ ಮೊಸರು" ಅಂತ ಪ್ರತಿಯೊಬ್ಬರಿಗೂ ಹೇಳಿ ಬಡಿಸಿದರು. ಆರು ವರ್ಷದ ಹುಡುಗ ಬೆನ್ನು ನೆಟ್ಟಗೆ ಮಾಡಿ ಕೂತ ರೀತಿ ನೋಡಬೇಕಿತ್ತು. ಯಾವ ವೈದ್ಯರ ಪಟ್ಟಿಯಲ್ಲೂ ಇದು ಇರುವುದಿಲ್ಲ. ನನಗೆ ಆ ರಜೆಯ ದೊಡ್ಡ ಮೈಲಿಗಲ್ಲು ಯಾವುದು ಅಂತ ಕೇಳಿದರೆ ಮಗಳ ಹೆಜ್ಜೆಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಅವನ ಮೊದಲ ಹಾಲುಹಲ್ಲು ಬಿದ್ದದ್ದೂ ಅಲ್ಲೇ, ಕಾಟುಮಾವಿನ ಹಣ್ಣು ಚೀಪುವಾಗ. ರಕ್ತ ಕಂಡು ಅತ್ತ. ಅತ್ತೆ ಹಲ್ಲನ್ನು ತೊಳೆದು, ಸಗಣಿಯ ಸಣ್ಣ ಉಂಡೆಯೊಳಗಿಟ್ಟು, ಮಾಡಿನ ಮೇಲೆ ಎಸೆಯಲು ಹೇಳಿದರು. ಎರಡು ಸಲ ಹಂಚಿನ ಮೇಲಿಂದ ಜಾರಿ ಅಂಗಳಕ್ಕೇ ಬಿತ್ತು. ಮೂರನೇ ಸಲಕ್ಕೆ ನಿಂತಿತು. ಅಳು ನಿಂತು ಎಷ್ಟೋ ಹೊತ್ತಾಗಿತ್ತು.

ತಿಂಗಳಿಡೀ ಸಲೀಸಾಗಿತ್ತು ಅಂತ ತಿಳಿಯಬೇಡಿ. ಜೇನುತುಪ್ಪದ ವಿಷಯಕ್ಕೆ ಅತ್ತೆಗೂ ನನಗೂ ಎರಡು ದಿನ ಮಾತು ಕಡಿಮೆಯಾಗಿತ್ತು. ಮನೆಯ ಗೋಡೆಯಲ್ಲಿ ಮಿಸರಿ ಅನ್ನುವ ಪುಟ್ಟ ಜೇನಿನ ಗೂಡಿತ್ತು. ಮೊಮ್ಮಗಳ ನಾಲಿಗೆಗೆ ಒಂದು ಹನಿ ಹಚ್ಚಬೇಕು ಅಂತ ಅತ್ತೆಗೆ ಆಸೆ. ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಶುದ್ಧ ಜೇನಾದರೂ ಈ ಅಪಾಯ ತಪ್ಪುವುದಿಲ್ಲ. ನಾನು ಅದನ್ನು ಒರಟಾಗಿ ಹೇಳಿದೆ, ಅವರಿಗೆ ನೋವಾಯಿತು. ಕೊನೆಗೆ ನಾನೇ ಹೋಗಿ "ವರ್ಷ ತುಂಬಿದ ದಿನ ನೀವೇ ಹಚ್ಚಿ" ಅಂದೆ. ಪುಟ್ಟ ಬಾಟಲಿಯಲ್ಲಿ ತುಂಬಿ ಎತ್ತಿಟ್ಟರು. ಇಂಥ ಮಾತನ್ನು ಹೋಗುವ ಮೊದಲೇ ಫೋನಿನಲ್ಲಿ, ನಿಮ್ಮ ಯಜಮಾನರ ಬಾಯಿಂದ ಹೇಳಿಸಿಬಿಡಿ. ಸೊಸೆ ಹೇಳುವುದಕ್ಕೂ ಮಗ ಹೇಳುವುದಕ್ಕೂ ವ್ಯತ್ಯಾಸ ಇದೆ.

ಹೋದ ದಿನವೇ ನೆಲದ ಮಟ್ಟದಲ್ಲಿ ಕೂತು ಮನೆಯನ್ನು ಒಮ್ಮೆ ನೋಡಿ. ಮಾವನ ಕವಳದ (ಎಲೆ-ಅಡಿಕೆಯ) ಬಟ್ಟಲು ಜಗಲಿಯಲ್ಲೇ ಇರುತ್ತಿತ್ತು, ಅದರಲ್ಲಿ ಅಡಿಕೆ ಹೋಳು. ಎರಡನೇ ದಿನ ಮಗಳ ಬಾಯಿಂದ ಒಂದು ಹೋಳನ್ನು ಬೆರಳು ಹಾಕಿ ತೆಗೆದೆ. ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಆಮೇಲೆ ಮಾವ ಬಟ್ಟಲನ್ನು ಗೂಡಿನ ಮೇಲಿಟ್ಟರು. ಹುಣಸೆ ಬೀಜ, ಕಡಲೆಬೀಜ ಎಲ್ಲ ಅಷ್ಟೇ ಅಪಾಯ. ಬಾವಿಯ ಕಟ್ಟೆ ಎತ್ತರ ಇದೆಯಾ, ತೋಟದ ಕೆರೆಯ ಕಡೆ ಹೋಗುವ ದಾರಿಯ ದಣಪೆ (ಅಡ್ಡಗಂಬಿಯ ಬಾಗಿಲು) ಹಾಕಿರುತ್ತಾರಾ ನೋಡಿಕೊಳ್ಳಿ. ಆರು ವರ್ಷದವನಿಗೆ ಹೆಪ್ಪು ತರಲು ಬಿಡಬಹುದು, ನೀರಿನ ಹತ್ತಿರ ಮಾತ್ರ ಒಬ್ಬನನ್ನೇ ಬಿಡಬಾರದು.

ನಿಮ್ಮದು ಸಾಗರದ ಕಡೆ ಅಂದಿದ್ದರಿಂದ ಮಂಗನ ಕಾಯಿಲೆಯ ಬಗ್ಗೆ ಹೇಳಲೇಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು, ಹರಡುವುದು ಉಣುಗಿನಿಂದ (ಉಣ್ಣೆ ಹುಳ), ಚಳಿಗಾಲದಿಂದ ಬೇಸಿಗೆಯವರೆಗೆ ಇದರ ಕಾಲ. ಊರಿಗೆ ಹೋಗುವ ಮೊದಲು ಆ ಭಾಗದಲ್ಲಿ ಈ ವರ್ಷ ಪ್ರಕರಣ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಕ್ಕಳನ್ನು ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ), ತರಗೆಲೆ ರಾಶಿಯ ಹತ್ತಿರ ಕರೆದುಕೊಂಡು ಹೋಗಬೇಡಿ. ಮಂಗ ಸತ್ತು ಬಿದ್ದಿದೆ ಅಂದರೆ ಆ ಕಡೆ ಸುಳಿಯಲೇಬೇಡಿ. ದಿನಾ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ನೋಡುವ ರೂಢಿ ಇಟ್ಟುಕೊಳ್ಳಿ. ತಾಯಿ ಕಾರ್ಡ್ ಜೊತೆಯಲ್ಲಿರಲಿ. ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುವ ದಡಾರ-ರುಬೆಲ್ಲಾ ಲಸಿಕೆ ಬಾಕಿ ಇದ್ದರೆ ಹೊರಡುವ ಮೊದಲೇ ಹಾಕಿಸಿಬಿಡಿ.

ರೆಸಾರ್ಟಿನ ನಾಲ್ಕು ದಿನದ ಬದಲು ಊರಿಂದಲೇ ಒಂದೆರಡು ಕಡೆ ಹೋಗಿಬಂದರೆ ಸಾಕು. ನಾವು ಜೋಗಕ್ಕೆ ಹೋಗಿದ್ದೆವು. 253 ಮೀಟರ್ ಎತ್ತರದ ಜಲಪಾತ ಮೇ ತಿಂಗಳಲ್ಲಿ ಬಂಡೆಯ ಮೇಲೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಮಗನಿಗೆ ಇಷ್ಟವಾದದ್ದು ಅಲ್ಲಿ ತಿಂದ ಸುಟ್ಟ ಜೋಳ. ಶಿರಸಿ ಹತ್ತಿರದ ಸಹಸ್ರಲಿಂಗ ಚಿಕ್ಕ ಮಕ್ಕಳಿಗೆ ಬೇಸಿಗೆಯಲ್ಲೇ ಚೆನ್ನ. ಶಾಲ್ಮಲಾ ನದಿಯ ನೀರು ಇಳಿದು, ಬಂಡೆಗಳಲ್ಲಿ ಕೆತ್ತಿದ ಲಿಂಗಗಳು ಹೊರಗೆ ಕಾಣುತ್ತವೆ. ನೀವು ಕೈ ಹಿಡಿದುಕೊಂಡರೆ ಪಾದ ಮುಳುಗುವಷ್ಟು ನೀರಲ್ಲಿ ಮಕ್ಕಳು ಗಂಟೆಗಟ್ಟಲೆ ಕಳೆಯುತ್ತಾರೆ.

ಶಿಬಿರ ಬೇಡ ಅನ್ನುವುದು ನನ್ನ ಅಭಿಪ್ರಾಯ, ನಿಮಗೆ ಬೇರೆ ಅನಿಸಬಹುದು. ಅಲ್ಲಿ ಮಕ್ಕಳಿಗೆ ಗಂಟೆಗೊಂದು ಚಟುವಟಿಕೆ ಇರುತ್ತದೆ. ಅತ್ತೆಯ ಮನೆಯಲ್ಲಿ ನನ್ನ ಮಗನಿಗೆ ಹಲಸಿನ ಹಪ್ಪಳ ಒಣಗುವಾಗ ಕಾಗೆ ಓಡಿಸುವ ಕೆಲಸ ಇತ್ತು. ಕೋಲು ಹಿಡಿದು ಎರಡು ಗಂಟೆ ಕೂರುತ್ತಿದ್ದ. ಬೇಸರವಾದಾಗ ಅವನೇ ಆಟ ಹುಡುಕಿಕೊಂಡ. ಅಂಥ ಒಂದು ಬೇಸರದ ಬೆಳಿಗ್ಗೆಯೇ ಆ ಹಾಳೆಯನ್ನು ಜಗಲಿಗೆ ಎಳೆದು ತಂದದ್ದು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ರೈಲು ಬಸ್ಸಿಗಿಂತ ಮಕ್ಕಳಿಗೆ ಸುಖ, ಎದ್ದು ಓಡಾಡಬಹುದು, ಬಟ್ಟೆ ಬದಲಿಸಬಹುದು. ಐದು ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಬೇಡವಾದರೆ ಟಿಕೆಟ್ ಇಲ್ಲ. ನಿಮ್ಮ ಮಗನಿಗೆ ಐದು ದಾಟಿದೆ, ಪ್ರತ್ಯೇಕ ಬರ್ತ್ ಬೇಕೆಂದರೆ ಪೂರ್ತಿ ದರ ಕೊಡಬೇಕು. ಕೊಡಿ, ಇಬ್ಬರು ಒಂದೇ ಬರ್ತಿನಲ್ಲಿ ನಿದ್ದೆ ಮಾಡಲಾಗುವುದಿಲ್ಲ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಸರ್ಕಾರಿ ಶಾಲೆಗಳ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರ ಶುರುವಾಗುವುದರಿಂದ ಆ ವಾರದ ಟಿಕೆಟ್ ಬೇಗ ಮುಗಿಯುತ್ತದೆ.

ಇನ್ನೊಂದೇ ಮಾತು. ಅತ್ತೆಯ ಅಡುಗೆಮನೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಆಕಳು ಗಬ್ಬವಾದ ದಿನ, ಆಳಿನ ಸಂಬಳ ಎಲ್ಲ ಅದರ ಚೌಕಗಳಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಹೊರಡುವ ಹಿಂದಿನ ದಿನ ಹಾಲಿನ ಲೆಕ್ಕ ನೋಡಲು ಹೋಗಿ ಆ ಮೇ ತಿಂಗಳನ್ನು ಪೂರ್ತಿ ಓದಿದೆ. 8ರ ಚೌಕದಲ್ಲಿ "ಹಾಲು 2, ಕೂಸು 3 ಹೆಜ್ಜೆ". 10ರಲ್ಲಿ "ವೋಟು. ಕೂಸು ಅಪ್ಪನ ಹತ್ರ ಹೋತು". ಅದಕ್ಕೂ ಹಿಂದೆ ಒಂದು ಕಡೆ "ಮಾಣಿ ಹೆಪ್ಪು ತಂದ". ಇನ್ನೊಂದು ಚೌಕದಲ್ಲಿ "ಮಾಣಿ ಹಲ್ಲು. ಮಳೆ". ನಾನು ಫೋನಿನಲ್ಲಿ ತೆಗೆದ ಇನ್ನೂರು ಚಿಲ್ಲರೆ ವಿಡಿಯೋದಲ್ಲಿ ಇವ್ಯಾವುವೂ ಇರಲಿಲ್ಲ. ಕ್ಯಾಲೆಂಡರಿನ ಆ ಹಾಳೆಯನ್ನು ಅತ್ತೆಯ ಹತ್ತಿರ ಕೇಳಿದೆ. ಹಾಲಿನ ಲೆಕ್ಕ ಚುಕ್ತಾ ಆದ ಮೇಲೆ ಕೊಡುತ್ತೇನೆ ಅಂದರು, ಜೂನಿನಲ್ಲಿ ಮಗಳ ಹುಟ್ಟುಹಬ್ಬಕ್ಕೆ ಬರುವಾಗ ಮಿಸರಿ ಜೇನಿನ ಬಾಟಲಿಯ ಜೊತೆ ಮಡಚಿ ತಂದುಕೊಟ್ಟರು.

ನಿಮ್ಮತ್ತೆ ಮನೆಯಲ್ಲೂ ಗೋಡೆಗೆ ಕ್ಯಾಲೆಂಡರ್ ಇದ್ದೇ ಇರುತ್ತದೆ. ಹೋದ ದಿನ ಅದರ ಮೊಳೆಗೆ ಒಂದು ಪೆನ್ಸಿಲನ್ನು ದಾರದಲ್ಲಿ ಕಟ್ಟಿಡಿ, ಹತ್ತು ತಿಂಗಳ ಕೈಗೆ ಎಟುಕದಷ್ಟು ಎತ್ತರದಲ್ಲಿ.